ಪೆನ್ಸಿಲ್ಲಿನ ವಿಳಾಸ

ಅಮ್ಮನ ವಿಳಾಸದ ಡೈರಿಯಲ್ಲಿ ನೆಂಟರಿಷ್ಟರೆಲ್ಲ ಶಾಯಿಯಲ್ಲಿದ್ದರು. ನಾನೊಬ್ಬ ಮಾತ್ರ ಅರ್ಧ ಶಾಯಿ, ಅರ್ಧ ಪೆನ್ಸಿಲ್ಲು. ಹೆಸರು ಶಾಯಿಯದು, ಅದರ ಕೆಳಗಿನ ಮೂರು ಸಾಲು ಪೆನ್ಸಿಲ್ಲಿನದು. 1997ರಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಬಂದ ನಾನು ಮುನಿರ್ಕಾ, ಕರೋಲ್ ಬಾಗ್, ಮಯೂರ್ ವಿಹಾರ್, ನೊಯ್ಡಾ ಅಂತ ಗಂಟುಮೂಟೆ ಕಟ್ಟಿದಾಗೆಲ್ಲ ಅವಳು ಸಾಗರದಲ್ಲಿ ಕೂತು ರಬ್ಬರ್ ಹಿಡಿಯುತ್ತಿದ್ದಳು. ಉಜ್ಜಿ ಉಜ್ಜಿ ಆ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಹಿಂದಿನ ಪುಟದ ಸೋದರಮಾವ ಇತ್ತ ಇಣುಕತೊಡಗಿದ್ದ.

ದೆಹಲಿಯ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಯಾರಿಗೂ ಬೇಡ. ಹಾಗಾಗಿ ಹನ್ನೆರಡನೇ ತಿಂಗಳು ಎಂಬುದೇ ಬಾಡಿಗೆದಾರನ ಪಂಚಾಂಗದಲ್ಲಿಲ್ಲ. ನನಗೆ ಸಿಕ್ಕ ಕೆಲಸವೂ ಅಂಥದ್ದೇ. ಕಚೇರಿಯ ಕಂಪ್ಯೂಟರುಗಳಿಗೆ ವಿಳಾಸ ಕೊಡಿಸಿ, ಅವು ದಾರಿ ತಪ್ಪದಂತೆ ಕಾಯುವುದು. ಅಲ್ಲೂ ವಿಳಾಸ ಕೊಡುವುದು ಲೀಸಿಗೇ. ಪದ ಕೂಡ ಅದೇ.

ಡಿಎಚ್‌ಸಿಪಿ ಎಂಬ ಆ ಏರ್ಪಾಡು 1993ರಲ್ಲಿ ಹುಟ್ಟಿತು. ಹೊಸ ಕಂಪ್ಯೂಟರು ಬೀದಿ ಮಧ್ಯೆ ನಿಂತು "ಇಲ್ಲಿ ಮನೆ ಸಿಗುತ್ತಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಸರ್ವರ್ "ಇದೊಂದು ಖಾಲಿ ಇದೆ" ಅನ್ನುತ್ತದೆ. "ಹಾಗಾದರೆ ಅದೇ ಇರಲಿ." "ಸರಿ, ಇಷ್ಟು ದಿನಕ್ಕೆ ನಿನ್ನದು." ಮುಂಗಡವಿಲ್ಲ, ಮಾಂಸ ತಿನ್ನುತ್ತೀರಾ ಎಂಬ ವಿಚಾರಣೆಯೂ ಇಲ್ಲ. ಅವಧಿಯ ಅರ್ಧ ಕಳೆದೊಡನೆ ಕಂಪ್ಯೂಟರು ತಾನಾಗಿಯೇ ಹೋಗಿ "ಮುಂದುವರಿಸುತ್ತೀರಾ?" ಎಂದು ಕೇಳಿಕೊಳ್ಳುತ್ತದೆ. ನಾನು ಕೊನೆಯ ವಾರದವರೆಗೆ ಮಾಲೀಕರಿಂದ ತಲೆಮರೆಸಿಕೊಂಡು ಓಡಾಡುವವನು. ಯಂತ್ರಗಳಿಗೆ ಸಂಸ್ಕಾರ ಹೆಚ್ಚು.

ಆದರೆ ಮನುಷ್ಯರು 192.168.1.25 ಎಂದೆಲ್ಲ ನೆನಪಿಟ್ಟುಕೊಳ್ಳುವುದಿಲ್ಲ. ಹೆಸರು ಬೇಕು. ಅಂತರ್ಜಾಲದ ಅಜ್ಜ ಆರ್ಪಾನೆಟ್ಟಿನ ಕಾಲದಲ್ಲಿ ಇದಕ್ಕೂ ಒಬ್ಬ ಅಮ್ಮ ಇದ್ದಳು ಅನ್ನಬಹುದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ, ಯಾವ ಹೆಸರಿಗೆ ಯಾವ ಸಂಖ್ಯೆ ಎಂಬ ಒಂದೇ ಪಟ್ಟಿಯನ್ನು ಕಾಪಾಡುತ್ತಿತ್ತು. ಬದಲಾವಣೆ ಇದ್ದವರು ಅವರಿಗೆ ತಿಳಿಸಬೇಕು; ಉಳಿದವರು ಆಗಾಗ ಪಟ್ಟಿಯ ಹೊಸ ಪ್ರತಿ ತರಿಸಿಕೊಳ್ಳಬೇಕು. ಊರು ಬೆಳೆದಂತೆ ಒಂದು ಡೈರಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಅವರವರ ಓಣಿಯ ಹೆಸರುಗಳ ಲೆಕ್ಕ ಅವರವರೇ ಇಟ್ಟುಕೊಳ್ಳಲಿ, ಕೇಳಿದವರಿಗೆ ಹೇಳಲಿ ಎಂಬುದು ಅದರ ಸಾರ.

ತಮಾಷೆ ಏನೆಂದರೆ, ವಿಳಾಸ ಕೊಡುವವನೂ ಹೆಸರು ಬರೆದಿಟ್ಟುಕೊಳ್ಳುವವನೂ ಒಬ್ಬರನ್ನೊಬ್ಬರು ಮಾತನಾಡಿಸುತ್ತಿರಲಿಲ್ಲ. ನನ್ನ ಯಾವ ಮಾಲೀಕರೂ ಅಮ್ಮನಿಗೆ ಕಾಗದ ಹಾಕಿ "ನಿಮ್ಮ ಮಗ ಈಗ ನಮ್ಮ ಮೂರನೇ ಮಹಡಿಯಲ್ಲಿದ್ದಾನೆ" ಎಂದು ತಿಳಿಸಿದ್ದಿಲ್ಲವಲ್ಲ, ಹಾಗೆ. ಮುನಿರ್ಕಾದ ಕೋಣೆಗೆ ನನಗಿಂತ ಹಿಂದೆ ಇದ್ದವನ ಕಾಗದಗಳು ಎರಡು ವರ್ಷ ಬಂದವು. ಅವನಿಗೆ ಸಂಬಂಧ ನೋಡುತ್ತಿದ್ದರೆಂದು ತೋರುತ್ತದೆ. ಲಕೋಟೆಯೊಳಗೆ ಫೋಟೊ ಇರುವುದು ಕೈಗೆ ತಿಳಿಯುತ್ತಿತ್ತು. ಒಡೆದು ನೋಡಲಿಲ್ಲ ಎಂದು ಈಗಲೂ ಆಣೆ ಮಾಡಬಲ್ಲೆ.

ನಾನು ದೆಹಲಿಗೆ ಬಂದ ವರ್ಷವೇ, 1997ರ ಏಪ್ರಿಲ್‌ನಲ್ಲಿ, ಈ ಮೌನ ಮುರಿಯುವ ದಾರಿಯನ್ನು ಪಾಲ್ ವಿಕ್ಸಿ ಮತ್ತು ಸಂಗಡಿಗರು ಆರ್‌ಎಫ್‌ಸಿ 2136 ಎಂಬ ದಾಖಲೆಯಲ್ಲಿ ಬರೆದಿಟ್ಟರು. ಹೆಸರಿನ ಪುಸ್ತಕವನ್ನು ಮನುಷ್ಯ ಕೈಯಾರೆ ತಿದ್ದಬೇಕಿಲ್ಲ. "ಈ ಹೆಸರಿಗೆ ಇನ್ನು ಈ ವಿಳಾಸ" ಎಂದು ಸಂದೇಶ ಕಳಿಸಿದರೆ ಸಾಕು. "ಈ ಹೆಸರು ಮೊದಲೇ ಇಲ್ಲದಿದ್ದರೆ ಮಾತ್ರ ಬರೆ" ಎಂಬಂಥ ಷರತ್ತನ್ನೂ ಜೊತೆಗೆ ಹಾಕಬಹುದು. ವಿಳಾಸ ಹಂಚುವ ಸರ್ವರೇ ಈ ಸಂದೇಶವನ್ನೂ ಕಳಿಸಬಲ್ಲದು.

ಇದನ್ನೆಲ್ಲ ಓದಿಕೊಂಡಿದ್ದ ನಾನು ನೊಯ್ಡಾದ ಕಚೇರಿಯಲ್ಲಿ ಅರ್ಧ ಮಾತ್ರ ಮಾಡಿದ್ದೆ. ವಿಳಾಸ ಲೀಸಿಗೆ, ಲೀಸು ಎಂಟು ದಿನಕ್ಕೆ. ಹೆಸರಿನ ಪುಸ್ತಕ ಮಾತ್ರ ನನ್ನ ಕೈಬರಹ. ಗೋಡೆಗೆ ಬಣ್ಣ ಹೊಡೆಸಲು ಕಚೇರಿ ಹತ್ತು ದಿನ ಬಾಗಿಲು ಹಾಕಿತು. ತೆರೆದ ಬೆಳಿಗ್ಗೆ ಲೆಕ್ಕಪತ್ರದ ಕೋಣೆಯಿಂದ ಕೂಗು: "ಪಂಡಿತ್‌ಜೀ, ಪ್ರಿಂಟರ್ ಗಾಯಬ್!" (ದಕ್ಷಿಣದವನು, ಮೊಸರನ್ನ ತರುವವನು; ಅದಕ್ಕೇ ಪಂಡಿತ್‌ಜೀ.) ಪ್ರಿಂಟರ್ ಅದರ ಮೇಜಿನ ಮೇಲೇ ಕೂತಿತ್ತು. ಅವಧಿ ಮುಗಿದು ಅದಕ್ಕೆ ಬೇರೆ ವಿಳಾಸ ಸಿಕ್ಕಿತ್ತು, ಹಳೆಯ ವಿಳಾಸಕ್ಕೆ ಹೊಸ ಹುಡುಗಿಯೊಬ್ಬಳ ಲ್ಯಾಪ್‌ಟಾಪ್ ಬಾಡಿಗೆಗೆ ಬಂದಿತ್ತು. ಇಡೀ ಕಚೇರಿಯ ಸಂಬಳದ ಚೀಟಿಗಳು ಅವಳ ಬಾಗಿಲು ತಟ್ಟಿ ತಟ್ಟಿ ವಾಪಸಾಗುತ್ತಿದ್ದವು. ಆ ರಾತ್ರಿ ಕೂತು ಎರಡೂ ಸರ್ವರುಗಳ ಪರಿಚಯ ಮಾಡಿಸಿದೆ. ಹೆಸರಿನಿಂದ ಸಂಖ್ಯೆ, ಸಂಖ್ಯೆಯಿಂದ ಹೆಸರು, ಎರಡನ್ನೂ ಬರೆಯಬೇಕು. ಎರಡನೆಯದರಲ್ಲಿ ಸಂಖ್ಯೆಯನ್ನು ತಿರುವುಮುರುವಾಗಿ 25.1.168.192 ಎಂದು ಬರೆಯುತ್ತಾರೆ. ಮನೆ, ಬೀದಿ, ಊರು, ತಾಲ್ಲೂಕು ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ನಮ್ಮ ಅಂಚೆ ವಿಳಾಸದ ಕ್ರಮವೇ ಅದು.

ಬರೆಯುವುದು ಸುಲಭ, ಅಳಿಸುವುದೇ ಕಷ್ಟ. ಬಿಟ್ಟುಹೋದವರ ಹೆಸರನ್ನು ಹೊತ್ತಿಗೆ ಸರಿಯಾಗಿ ಅಳಿಸದಿದ್ದರೆ ಪುಸ್ತಕದ ತುಂಬ ದೆವ್ವಗಳು. ಹಾಗೆಂದು ಯಾರು ಬೇಕಾದರೂ ಅಳಿಸುವಂತೆಯೂ ಇಲ್ಲ. ನಮ್ಮಲ್ಲೇ "ಮಂಜು" ಎಂಬ ಹೆಸರಿನ ಎರಡು ಲ್ಯಾಪ್‌ಟಾಪುಗಳಿದ್ದು, ತಡವಾಗಿ ಬಂದದ್ದು ಮೊದಲಿನದರ ಹೆಸರನ್ನು ಕಸಿದುಕೊಳ್ಳುತ್ತಿತ್ತು. ಇದಕ್ಕೂ 2006ರಲ್ಲಿ ಮದ್ದು ಬಂತು. ಹೆಸರಿನ ಪಕ್ಕದಲ್ಲಿ ಅದರ ಒಡೆಯನ ಹೆಬ್ಬೆಟ್ಟಿನಂಥ ಗುರುತೊಂದನ್ನು ಇಡುವುದು. ಹೆಬ್ಬೆಟ್ಟು ಹೊಂದದಿದ್ದರೆ ತಿದ್ದಲು ಬಿಡದಿರುವುದು.

ಇತ್ತ ದೆಹಲಿಯದು ಉಲ್ಟಾ ಸಂಸಾರ. ಇಲ್ಲಿ ಜಾಗ ಅಲ್ಲೇ ಇರುತ್ತದೆ, ಹೆಸರೇ ಮನೆ ಬದಲಿಸುತ್ತದೆ. ಕನಾಟ್ ಪ್ಲೇಸ್ 1995ರಲ್ಲಿ ರಾಜೀವ್ ಚೌಕ ಆಯಿತು, ಗುಡಗಾಂವ್ 2016ರಲ್ಲಿ ಗುರುಗ್ರಾಮವಾಯಿತು, ರಾಜಪಥ 2022ರಲ್ಲಿ ಕರ್ತವ್ಯಪಥ. ಆಟೋದವನು ಮಾತ್ರ ಇನ್ನೂ "ಸೀಪೀ" ಅನ್ನುತ್ತಾನೆ. ಡಿಎನ್‌ಎಸ್‌ನಲ್ಲೂ ಹೀಗೆ ಹಳೆಯ ಉತ್ತರವನ್ನು ಜೇಬಿನಲ್ಲಿಟ್ಟುಕೊಳ್ಳುವ ರೂಢಿ ಉಂಟು, ಆದರೆ ಅದಕ್ಕೊಂದು ವಾಯಿದೆ ಇರುತ್ತದೆ. ಆಟೋದವನ ಜೇಬಿಗೆ ವಾಯಿದೆ ಇಲ್ಲ.

2009ರಲ್ಲಿ ಇಂದಿರಾಪುರಂನಲ್ಲಿ ಸಾಲ ಮಾಡಿ ಫ್ಲ್ಯಾಟು ಕೊಂಡೆ. ಸಾಗರಕ್ಕೆ ಫೋನ್ ಮಾಡಿ, "ಅಮ್ಮಾ, ಇನ್ನು ಬದಲಾಗೋದಿಲ್ಲ. ಪೆನ್ನಲ್ಲೇ ಬರ್ಕೊ" ಅಂದೆ. "ಹೂಂ ಮಾರಾಯ" ಅಂದಳು. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಕುತೂಹಲಕ್ಕೆ ಡೈರಿ ತೆಗೆದೆ. ಆ ತೆಳ್ಳಗಿನ ಹಾಳೆಯ ಮೇಲೆ ಫ್ಲ್ಯಾಟ್ ನಂಬರು, ಇಂದಿರಾಪುರಂ, ಗಾಜಿಯಾಬಾದ್ ಎಲ್ಲ ಮುದ್ದಾದ ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲೇ ಇತ್ತು.

"ಯಾಕಮ್ಮಾ, ಹೇಳಿದ್ನಲ್ಲ?"

ಅವಳು ಮೆಟ್ಟುಗತ್ತಿಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ಯಾಕೆ, ನೀನು ಊರಿಗೆ ಬರೋದೇ ಇಲ್ಲೇನೋ?"