ಅವ್ವನ ಮಂಚದ ಇಟ್ಟಿಗೆ

ಭಾಲ್ಕಿ,
ಬುಧವಾರ ರಾತ್ರಿ

ತಮ್ಮಾ,

ಫೋನಿನಲ್ಲಿ ನೀ ಗಾಬರಿಯಾಗಿ ಆಪರೇಷನ್ ಯಾವಾಗ, ರೊಕ್ಕ ಎಷ್ಟು ಅಂತ ಕೇಳಿದಿ. ಅವ್ವ ಮಗ್ಗುಲಲ್ಲೇ ಕೂತಿದ್ದಳು, ಬಿಚ್ಚಿ ಹೇಳಲಾಗಲಿಲ್ಲ. ಅದಕ್ಕೇ ಬರೀತಿದ್ದೇನೆ.

ಅವ್ವನಿಗೆ ಹರ್ನಿಯಾ ಅಂದಕೂಡಲೇ ನಿನಗೆ ಕಾಕಾನ ತೊಡೆಸಂದಿಯ ಗಂಟು ನೆನಪಾಗಿರಬೇಕು. ಇದು ಬೇರೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಸ್ನಾಯುವಿನ ಪರದೆ. ಅನ್ನನಾಳ ಕೆಳಗಿಳಿಯಲು ಅದರಲ್ಲೊಂದು ಕಿಂಡಿ. ವಯಸ್ಸಾದಂತೆ ಕಿಂಡಿ ಸಡಿಲಾಗಿ ಜಠರದ ಮೇಲ್ತುದಿ ಎದೆಯೊಳಗೆ ಜಾರಿದೆ. ಬಾಯಿ ಬಿಗಿ ತಪ್ಪಿದ ಚೀಲದಂತೆ, ಬಗ್ಗಿದರೂ ಮಲಗಿದರೂ ಹುಳಿ ಮೇಲೇರುತ್ತದೆ. ಆ ಹುಳಿಯನ್ನು ಜಠರ ತಾಳುತ್ತದೆ, ಅನ್ನನಾಳ ತಾಳದು.

ಎಳ್ಳ ಅಮಾಸಿಯ ದಿನ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು, ಭಾಂಡೆ ಎತ್ತಲು ಬಗ್ಗಿದವಳು ಎದೆ ಹಿಡಿದು ಕೂತಳು. ಹೃದಯವೇ ಅಂದುಕೊಂಡೆವು. ಮೊದಲು ಇಸಿಜಿ ತೆಗೆಸಿದ್ದು ಒಳ್ಳೆಯದೇ ಆಯಿತು. ಎದೆನೋವನ್ನು ಗ್ಯಾಸ್ ಅಂತ ಮನೆಯಲ್ಲೇ ತೀರ್ಮಾನಿಸಬಾರದು. ಆಮೇಲೆ ಬೀದರಿನಲ್ಲಿ ಎಂಡೋಸ್ಕೋಪಿ ಆಯಿತು. ಅನ್ನನಾಳದ ಬುಡ ಕೆಂಪಾಗಿದೆ, ಬೇರೇನಿಲ್ಲ.

ರಾತ್ರಿ ಊಟ ಎಷ್ಟಕ್ಕೆ ಅಂತ ಡಾಕ್ಟರು ಕೇಳಿದರು. ಒಂಬತ್ತಕ್ಕೆ ಅಂದೆ. ಅವ್ವ ನೆಲ ನೋಡಿದಳು. ಒಂಬತ್ತಕ್ಕೆ ಉಣ್ಣುವವರು ನಾವು! ಎಲ್ಲರದೂ ಮುಗಿದು, ಒಲೆ ಸಾರಿಸಿ, ಹನ್ನೊಂದಕ್ಕೆ ತಣ್ಣನೆಯ ರೊಟ್ಟಿ ತಿಂದು, ಕೈ ಒಣಗುವ ಮೊದಲೇ ಅಡ್ಡಾಗುತ್ತಾಳೆ. ಅವ್ವ ಉಣ್ಣುವುದನ್ನು ನೀ ಯಾವಾಗ ನೋಡಿದ್ದಿ? ನಾನು ನೋಡಿದ್ದು ಎಳ್ಳ ಅಮಾಸಿಗೆ, ಹೊಲದಲ್ಲಿ ಮಾತ್ರ. ಎಷ್ಟೋ ವರ್ಷದಿಂದ "ಪಿತ್ತ ಆಗ್ಯದ" ಅಂತ ಸೋಡಾಪುಡಿ ನುಂಗಿ ಸುಮ್ಮನಿದ್ದಾಳೆ.

ಪ್ಯಾಂಟೊಪ್ರಜೋಲ್ ಬರೆದಿದ್ದಾರೆ, ಬೆಳಿಗ್ಗೆ ತಿನ್ನುವುದಕ್ಕೆ ಅರ್ಧ ತಾಸು ಮೊದಲು, ಖಾಲಿ ಹೊಟ್ಟೆಗೆ. ಮೊಣಕಾಲಿಗೆ ಅಂತ ಮೆಡಿಕಲ್‌ನಿಂದ ತಾನೇ ತರಿಸುತ್ತಿದ್ದ ಗುಳಿಗೆ ಬಿಡಿಸಿದ್ದಾರೆ. ಉಂಡು ಮೂರು ತಾಸು ಮಲಗಬಾರದು, ಎಡ ಮಗ್ಗುಲಿಗೆ ಮಲಗಬೇಕು, ಲಂಗದ ಲಾಡಿ ಬಿಗಿಯಬಾರದು. ಮಂಚದ ತಲೆಕಡೆಯ ಕಾಲಿಗೆ ಇಟ್ಟಿಗೆ ಇಟ್ಟು ಅರ್ಧ ಅಡಿ ಎತ್ತರಿಸಿದ್ದೇನೆ. ದಿಂಬು ಪೇರಿಸಿದರೆ ನಡು ಮಡಚಿ ಹೊಟ್ಟೆ ಇನ್ನೂ ಒತ್ತುತ್ತದಂತೆ. "ಜಾರಿ ಬಿದ್ದರ ನೀನೇ ಎತ್ತು" ಅಂತ ಅವ್ವನ ತಕರಾರು.

ಆಪರೇಷನ್ ಈಗ ಬೇಡ. ಔಷಧಿಗೆ ಬಗ್ಗದಿದ್ದರೆ ಮಾತ್ರ. ಜಠರದ ಮೇಲ್ಭಾಗವನ್ನೇ ಅನ್ನನಾಳದ ಸುತ್ತ ಸುತ್ತಿ ಹೊಲಿಯುತ್ತಾರೆ. 1956ರಲ್ಲಿ ಇದನ್ನು ಪ್ರಕಟಿಸಿದ ರುಡಾಲ್ಫ್ ನಿಸೆನ್, 1948ರಲ್ಲಿ ಐನ್‌ಸ್ಟೈನರ ಹೊಟ್ಟೆಯ ಉಬ್ಬಿದ ರಕ್ತನಾಳಕ್ಕೆ ಸೆಲ್ಲೋಫೇನ್ ಸುತ್ತಿದ ಡಾಕ್ಟರು. ಸುತ್ತುವುದೇ ಅವರ ಕಸುಬು ಅಂತ ನಕ್ಕೆ. ತುತ್ತು ಎದೆಯಲ್ಲಿ ಸಿಕ್ಕಿದರೆ, ಮಲ ಕಪ್ಪಾದರೆ, ಸುಮ್ಮನೆ ತೂಕ ಇಳಿದರೆ ತಡಮಾಡದೆ ಓಡಬೇಕು, ಅಷ್ಟೇ.

ನಿನ್ನೆ ಏಳಕ್ಕೇ ಬಡಿಸಿದೆ. "ಮನ್ಯಾಗ ಗಂಡಸರು ಉಂಡಿಲ್ಲ, ನಾ ಹ್ಯಾಂಗ ಉಣ್ಲಿ?" ಅಂತ ಉಪ್ಪಿನಕಾಯಿಯ ನೆವ ಮಾಡಿ ಎರಡು ಸಲ ಎದ್ದಳು. ಕೈ ಹಿಡಿದು ಕೂರಿಸಿದೆ. ಪುಂಡಿಪಲ್ಯಕ್ಕೆ ಅದ್ದಿದ ರೊಟ್ಟಿ ಬಾಯಿಗಿಡುವ ಹೊತ್ತಿಗೆ ನಿನ್ನ ಫೋನ್ ಬಂತು, ತಾಟು ಸರಿಸಿದಳು. ಇನ್ನು ಎಂಟರ ಮೇಲೆ ಮಾಡು.

ನಿನ್ನ ಅಕ್ಕ