ಹೆಸರು ಬರೆಯದ ಚುಚ್ಚುಮದ್ದು

ಕಾಸರಗೋಡಿನ ಹಳ್ಳಿಮನೆಗಳಲ್ಲಿ ಹಸುವಿಗೆ ಕೆಚ್ಚಲು ಬಾವು ಬಂದರೆ ಯಾರನ್ನು ಕರೆಯಬೇಕೆಂಬುದು ಮಕ್ಕಳಿಗೂ ಗೊತ್ತು. ಪಂಚಾಯತಿನ ಮೃಗಾಸ್ಪತ್ರೆ, ಅಲ್ಲಿಯ ಡಾಕ್ಟರು, ಕೃತಕ ಗರ್ಭಧಾರಣೆಗೆಂದು ಬೈಕಿನಲ್ಲಿ ಬರುವ ಸಿಬ್ಬಂದಿ, ಇವರೆಲ್ಲ ಹಾಲಿನ ಸೊಸೈಟಿಯಷ್ಟೇ ಪರಿಚಿತರು. ನಾಯಿಯ ವಿಷಯಕ್ಕೆ ಬಂದಾಗ ಈ ತಿಳಿವಳಿಕೆ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. ಎರಡು ದಿನ ಉಪವಾಸವಿದ್ದು, ಹುಲ್ಲು ತಿಂದು ಕಕ್ಕಿ, ನಾಯಿ ತಾನೇ ಸರಿಯಾಗುತ್ತದೆಂಬುದು ಹಿರಿಯರ ಅನುಭವ. ಅನೇಕ ಸಲ ಅದು ನಿಜವೂ ಹೌದು. ನಿಜವಾಗದ ದಿನ ಮನೆಯವರು ದಿಕ್ಕು ತೋಚದೆ ಕಂಗೆಡುತ್ತಾರೆ.

ಬದಿಯಡ್ಕದ ಕಡೆಯ ಒಂದು ಅಡಿಕೆ ತೋಟದ ಮನೆಗೆ ಅಂಥ ದಿನ ಬಂದುದು ಮಳೆಗಾಲ ಮುಗಿದ ಮೇಲೆ. ಮನೆಯ ಯಜಮಾನರು ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಷ್ಟ್ರು. ಟೈಗರ್ ಎಂಬ ಊರನಾಯಿ ಮೊಮ್ಮಗಳ ಪಾಲಿನದು. ಅವಳು ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯ ದಾರಿಯಲ್ಲಿ ಸಿಕ್ಕಿದ ಮರಿ, ಅವಳು ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ತೋಟಕ್ಕೆ ನುಗ್ಗುವ ಹಂದಿಗಳನ್ನು ಅಟ್ಟುವಷ್ಟು ಬೆಳೆದಿತ್ತು.

ಅದು ಅನ್ನ ಬಿಟ್ಟು ಜಗಲಿಯ ಬದಿಯಲ್ಲಿ ಮಲಗಿದಾಗ, ಊರಲ್ಲಿ ಡಾಕ್ಟರೆಂದೇ ಕರೆಸಿಕೊಳ್ಳುವ ಒಬ್ಬರು ಬಂದರು. ಹಿಂದೆ ಎಲ್ಲಿಯೋ ಒಂದು ಫಾರ್ಮಿನಲ್ಲಿ ಕೆಲಸ ಮಾಡಿದವರು. ಮೂಗು ಮುಟ್ಟಿ ನೋಡಿ ಜ್ವರವೆಂದು ಹೇಳಿ, ಒಂದು ಚುಚ್ಚುಮದ್ದು ಕೊಟ್ಟು, ಹಣ ಪಡೆದು ಹೋದರು. ಸಂಜೆ ನಾಯಿ ಎದ್ದು ಗಂಜಿ ಕುಡಿಯಿತು. ಮನೆಯವರಿಗೆ ನಂಬಿಕೆ ಬಂತು. ನಾಲ್ಕು ದಿನ ಕಳೆದು ಮತ್ತೆ ಮಲಗಿತು, ಮತ್ತೆ ಚುಚ್ಚುಮದ್ದು. ಮೂರನೆಯ ಸಲದ ಬಳಿಕ ಮೂಗಿನಿಂದ ರಕ್ತ ಇಳಿಯತೊಡಗಿತು. "ಉಷ್ಣ, ಎಳನೀರು ಕೊಡಿ" ಎಂದರು. ಔಷಧಿಯಂಗಡಿಯಲ್ಲಿ ವಿಚಾರಿಸಿದರೆ ಮನುಷ್ಯರ ನೋವಿನ ಮಾತ್ರೆಯಲ್ಲಿ ಅರ್ಧ ಕೊಡಬಹುದೆಂಬ ಸಲಹೆ ಸಿಕ್ಕಿತು. ಅದನ್ನು ಕೊಡದೆ ಉಳಿದುದು ಆ ನಾಯಿಯ ಪುಣ್ಯ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಂಥ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಲೇಬೇಕು. 1984ರಲ್ಲಿ ಸಂಸತ್ತು ಅಂಗೀಕರಿಸಿದ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ ಇಂದು ಕೇರಳದಲ್ಲಿಯೂ ಜಾರಿಯಲ್ಲಿದೆ. ಅದರ 30ನೆಯ ಸೆಕ್ಷನಿನಂತೆ, ನೋಂದಾಯಿತ ಪಶುವೈದ್ಯರ ಹೊರತು ಬೇರೆ ಯಾರೂ ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ಜಾನುವಾರು ಇಲಾಖೆಯ ಡಿಪ್ಲೊಮಾ ಪಡೆದ ಸಿಬ್ಬಂದಿಗೆ ಸಣ್ಣಪುಟ್ಟ ಸೇವೆಗಳ ಅನುಮತಿಯನ್ನು ಸರಕಾರ ನೀಡಬಹುದು, ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ. ಮಣ್ಣುತ್ತಿಯಲ್ಲೋ ವಯನಾಡಿನ ಪೂಕೋಡಿನಲ್ಲೋ ಐದೂವರೆ ವರ್ಷ ಓದಿ ಬಂದವರಿಗೂ ಸಿರಿಂಜು ಹಿಡಿಯಲು ಕಲಿತವರಿಗೂ ಕಾನೂನು ಎಳೆದ ಗೆರೆ ಅಷ್ಟು ಸ್ಪಷ್ಟ. ಆದರೆ ನಡುರಾತ್ರಿ ಜಗಲಿಯಲ್ಲಿ ರಕ್ತ ಒರೆಸುತ್ತಿರುವವರು ಕಾಯಿದೆಯ ಪುಸ್ತಕ ತೆರೆಯುವುದಿಲ್ಲ. ಕರೆದರೆ ಬರುವವರನ್ನು ಕರೆಯುತ್ತಾರೆ. ಅದನ್ನು ತಪ್ಪೆನ್ನುವುದು ಸುಲಭ, ನ್ಯಾಯವಲ್ಲ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆಂದು 1962 ಎಂಬ ಸಂಖ್ಯೆ ಇರುವುದು ಎಷ್ಟು ಮನೆಗಳಿಗೆ ತಿಳಿದಿದೆ?

ಮಂಗಳೂರಿಗೆ ಕೊಂಡುಹೋಗಿ ಎಂದವರು ಹಲವರು. ಗಡಿನಾಡಿನವರ ನಾಲಗೆಗೆ ಆ ಊರು ತಾನಾಗಿ ಬರುತ್ತದೆ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿ, ಮನುಷ್ಯರಿಗೇ ಆಸ್ಪತ್ರೆ ಸೇರಲಾಗದ ದಿನಗಳನ್ನು ಕಂಡ ಮಾಷ್ಟ್ರು, ಗಡಿಯ ಈಚೆಗೂ ಒಬ್ಬರು ನಂಬುವಂಥವರು ಬೇಕೆಂದು ಆಗಲೇ ನಿಶ್ಚಯಿಸಿದ್ದರು. ಸುತ್ತಿನ ಮೂರು ಮನೆಗಳಲ್ಲಿ ವಿಚಾರಿಸಿದರು. "ಯಾರ ಕೈಗುಣ ಒಳ್ಳೆಯದು" ಎಂದು ಕೇಳಲಿಲ್ಲ. "ನಿಮ್ಮ ನಾಯಿ ಉಳಿಯದಿದ್ದಾಗ ಯಾವ ಡಾಕ್ಟರು ಕಾರಣ ಹೇಳಿದರು" ಎಂದು ಕೇಳಿದರು. ಎರಡು ಮನೆಯವರು ಒಂದೇ ಹೆಸರು ಹೇಳಿದರು. ಪೇಟೆಯ ಒಬ್ಬ ಮಹಿಳಾ ವೈದ್ಯೆ.

ಆಕೆ ಕೇಳಿದ ಮೊದಲ ಪ್ರಶ್ನೆ, ಈವರೆಗೆ ಕೊಟ್ಟ ಮದ್ದು ಯಾವುದೆಂದು. ಉತ್ತರವಿರಲಿಲ್ಲ. ಮೂರು ಚುಚ್ಚುಮದ್ದುಗಳಲ್ಲಿ ಒಂದರ ಹೆಸರೂ ಯಾವ ಚೀಟಿಯಲ್ಲಿಯೂ ಇರಲಿಲ್ಲ. ಸ್ಟೀರಾಯ್ಡ್ ಆಗಿದ್ದರೆ ಜ್ವರ ತಾತ್ಕಾಲಿಕವಾಗಿ ಇಳಿದು ರೋಗ ಒಳಗೊಳಗೇ ಬೆಳೆದಿರಬಹುದು. ಬೇರೆಯದಾಗಿದ್ದರೆ ಲೆಕ್ಕವೇ ಬೇರೆ. ಆಕೆ ಯಾರನ್ನೂ ದೂರಲಿಲ್ಲ. "ಗೊತ್ತಿಲ್ಲ" ಎಂದು ಮಲಯಾಳದಲ್ಲಿ ಬರೆದುಕೊಂಡರು, ಅಷ್ಟೆ.

ಮಾಷ್ಟ್ರ ಮಲಯಾಳ ಬಸ್ಸಿನ ಫಲಕ ಓದುವಷ್ಟರದು; ನಾಯಿಯ ನರಳಾಟವನ್ನು ಅದರಲ್ಲಿ ವಿವರಿಸುವುದು ಅವರಿಂದಾಗಲಿಲ್ಲ. ಮೊಮ್ಮಗಳು ಹೇಳಿದಳು. ಉಣ್ಣಿ ಎಂಬಲ್ಲಿ ಅವಳು ತಡವರಿಸಿದಾಗ ವೈದ್ಯೆಯೇ "ಪಟ್ಟುಣ್ಣಿ?" ಎಂದರು. ಎರಡು ಭಾಷೆಗಳೂ ಆ ಹುಳುವಿನ ಹೆಸರಿನಲ್ಲಿ ನೆರೆಹೊರೆಯೇ.

ರಕ್ತ ಪರೀಕ್ಷೆಯಾಯಿತು. ಆರೋಗ್ಯವಂತ ನಾಯಿಯಲ್ಲಿ ಸುಮಾರು 2 ಲಕ್ಷಕ್ಕೆ ಕಡಿಮೆಯಿರದ ಪ್ಲೇಟ್‌ಲೆಟ್ಟುಗಳು ಟೈಗರಿನಲ್ಲಿ 22,000ಕ್ಕೆ ಇಳಿದಿದ್ದವು. ಉಣ್ಣಿಗಳಿಂದ ಹರಡುವ ಎರ್ಲಿಕಿಯಾ ಎಂಬ ರೋಗಾಣುವಿನ ಕೆಲಸ. ವೈದ್ಯೆ ಅದನ್ನು ಹೇಳಿದ ರೀತಿ ಮಾಷ್ಟ್ರ ನೆನಪಿನಲ್ಲಿ ಉಳಿಯಿತು. "ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ಕೊಡಬೇಕು. ಕೆಲವೇ ದಿನಗಳಲ್ಲಿ ಚೇತರಿಕೆ ಕಂಡರೆ ಉಳಿಯುತ್ತದೆ. ಎಲುಬಿನ ಮಜ್ಜೆ ಸೋತಿದ್ದರೆ ನನ್ನ ಮದ್ದು ಸಾಲದು. ಎರಡರಲ್ಲಿ ಯಾವುದೆಂದು ಇವತ್ತು ಹೇಳಲಾರೆ." ತಗಲುವ ವೆಚ್ಚವನ್ನು ಮೊದಲೇ ಹೇಳಿದರು. ರಕ್ತ ಕೊಡಬೇಕಾಗಿ ಬಂದರೆ ಆರೋಗ್ಯವಾಗಿರುವ ದೊಡ್ಡ ನಾಯಿಯೊಂದನ್ನು ಹುಡುಕಿಡಿ ಎಂದರು. ನಾಯಿಗಳಲ್ಲಿ ಮೊದಲ ಸಲದ ರಕ್ತದಾನ ಸಾಮಾನ್ಯವಾಗಿ ತೊಂದರೆಯಿಲ್ಲದೆ ಸಾಗುತ್ತದೆಂಬ ವಿಷಯ ಆ ಮನೆಯವರಿಗೆ ಗೊತ್ತಾದುದು ಅಂದೇ. ಕೊನೆಗೆ, ನಾಯಿಯೊಂದಕ್ಕೇ ಮದ್ದು ಮಾಡಿದರೆ ಪ್ರಯೋಜನವಿಲ್ಲ, ಗೂಡನ್ನೂ ಗೋಡೆಯ ಬಿರುಕುಗಳನ್ನೂ ನೋಡಿ ಎಂದರು. ಒಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ, ಅಂಥ ಸಂದುಗಳಲ್ಲಿ.

ಇಷ್ಟನ್ನೂ ಅವರು ಬರೆದುಕೊಟ್ಟರು. ಸುಧಾರಿಸುತ್ತದೆಂದು ಭರವಸೆ ಕೊಟ್ಟ ಮೊದಲಿನವರ ಬಾಯಿಮಾತಿಗಿಂತ, ಹೇಳಲಾರೆ ಎಂದ ಈಕೆಯ ಕಾಗದ ಹೆಚ್ಚು ಬಲವುಳ್ಳದ್ದು. ಕಾಗದದಲ್ಲಿ ಬರೆಯುವವರು ನಾಳೆ ಇನ್ನೊಬ್ಬ ವೈದ್ಯರು ಅದನ್ನು ಓದಬಹುದೆಂದು ತಿಳಿದೇ ಬರೆಯುತ್ತಾರೆ. ಹಣ ಪಡೆದು ಕೊಡುವ ಸೇವೆಯಲ್ಲಿ ಲೋಪವಾದರೆ ಗ್ರಾಹಕ ಆಯೋಗದ ಮುಂದೆ ಹೋಗಬಹುದೆಂಬುದು ನಿಜ, ಆದರೆ ಚೀಟಿಯೇ ಇಲ್ಲದವರು ಅಲ್ಲಿ ಏನನ್ನು ತೋರಿಸುತ್ತಾರೆ?

ಮಾತ್ರೆ ತಿನ್ನಿಸುವ ಕೆಲಸ ಅಜ್ಜಿಯದಾಯಿತು. ಅವರಿಗೆ ಕನ್ನಡವೊಂದೇ ಓದಲು ಬರುವುದು. ಆದುದರಿಂದ ಪ್ರತಿ ಚೀಟಿಯ ಕೆಳಗೂ ಮೊಮ್ಮಗಳು ಕನ್ನಡದಲ್ಲಿ ಬರೆದಿಟ್ಟಳು: ಬೆಳಗ್ಗೆ ಒಂದು, ಊಟದ ಮೇಲೆ, ನೀರಿನೊಂದಿಗೆ. ಮೂರನೆಯ ದಿನ ರಕ್ತ ನಿಂತಿತು. ರಕ್ತದಾನಕ್ಕೆ ಗೊತ್ತುಮಾಡಿದ್ದ ನೆರೆಮನೆಯ ನಾಯಿಯನ್ನು ಕರೆಯಬೇಕಾಗಲಿಲ್ಲ. ತಿಂಗಳ ಕೊನೆಯಲ್ಲಿ ಪ್ಲೇಟ್‌ಲೆಟ್ ಲಕ್ಷ ದಾಟಿತ್ತು.

ಟೈಗರ್ ಮತ್ತೆ ಒಂದೂವರೆ ವರ್ಷ ತೋಟ ಕಾಯಿತು. ಅನಂತರ ನೀರು ವಿಪರೀತ ಕುಡಿಯತೊಡಗಿ, ಮೈ ಇಳಿದು, ಊಟ ಬಿಟ್ಟಿತು. ಅದೇ ವೈದ್ಯೆ ರಕ್ತ ನೋಡಿ, ಮೂತ್ರಪಿಂಡಗಳು ಸೋತಿವೆ ಎಂದರು. ಹಳೆಯ ಜ್ವರದ ಶೇಷವೋ ಬೇರೆಯದೋ, ಅದನ್ನೂ ಖಚಿತವಾಗಿ ಹೇಳಲಿಲ್ಲ.

"ಡಾಕ್ಟ್ರೇ, ನಿಮ್ಮ ನಾಯಿಯಾದರೆ ಏನು ಮಾಡುತ್ತಿದ್ದಿರಿ?" ಎಂದು ಮಾಷ್ಟ್ರು ಕೇಳಿದರು.

"ಡ್ರಿಪ್ ಹಾಕಿ ಕೆಲವು ದಿನ ಎಳೆಯಬಹುದು, ಮಾಷ್ಟ್ರೇ. ನಾನಾದರೆ ಮನೆಗೆ ಕೊಂಡುಹೋಗುತ್ತಿದ್ದೆ."

ಅಂದು ಅವರು ಶುಲ್ಕ ಪಡೆಯಲಿಲ್ಲ. ಚೀಟಿ ಮಾತ್ರ ಬರೆದರು. ಅದರಲ್ಲಿ ಔಷಧಿಯ ಹೆಸರಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದ ಹುಡುಗಿ ಬಸ್ಸಿನಲ್ಲಿ ಕುಳಿತೇ ಅದರ ಕೆಳಗೆ ಅಜ್ಜಿಗಾಗಿ ಬರೆದಳು: ನೀರು ಕೇಳಿದಷ್ಟು ಕೊಡಬೇಕು. ಒತ್ತಾಯಿಸಿ ತಿನ್ನಿಸಬಾರದು. ನರಳಿದರೆ ಯಾವ ಹೊತ್ತಿಗಾದರೂ ಫೋನ್ ಮಾಡಬೇಕು, ಬರುತ್ತಾರೆ.