ಬ್ರೇಕು ಬಿಗಿ ಮಾಡುವುದು

ಸ್ಕೂಟರು ಇಟ್ಟವರು ನಾಲ್ಕು ಮಂದಿ ಸೇರಿದಾಗ ನಡೆಯುವ ಮಾತನ್ನು ನೀವು ಕೇಳಿರಬಹುದು. ಲೀಟರಿಗೆ ಎಷ್ಟು ಓಡುತ್ತದೆ, ಚಳಿಗಾಲದ ಬೆಳಗ್ಗೆ ಎಷ್ಟು ಒದೆತಕ್ಕೆ ಏಳುತ್ತದೆ, ಇಬ್ಬರನ್ನು ಹೊತ್ತು ಚಾಮುಂಡಿ ಬೆಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತದೆ—ಎಲ್ಲವೂ ಹೋಗುವುದರ ಮಾತೇ. ನಿಲ್ಲುವುದರ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ. ಬೆಟ್ಟ ಹತ್ತಿದವನು ಇಳಿಯಲೂ ಬೇಕಷ್ಟೆ!

ಈ ನಿಲ್ಲಿಸುವ ಕೆಲಸ ಮಾಡುವುದು ಚಕ್ರದ ಡ್ರಮ್ಮಿನೊಳಗೆ ಕತ್ತಲಲ್ಲಿ ಕುಳಿತ ಎರಡು ಅರ್ಧಚಂದ್ರಾಕೃತಿಯ ತುಂಡುಗಳು. ಬ್ರೇಕ್ ಶೂ ಎಂದು ಅವುಗಳ ಹೆಸರು. ಯಾರ ಕಾಲಿಗೂ ಆಗದ ಶೂ ಇದು. ಆದರೂ ಸವೆಯುವುದರಲ್ಲಿ ನಮ್ಮ ಚಪ್ಪಲಿಗೆ ಹತ್ತಿರದ ನಂಟ. ನಾವು ಪೆಡಲು ತುಳಿದರೆ ತಂತಿ ಎಳೆಯುತ್ತದೆ. ತಂತಿ ಒಂದು ಪುಟ್ಟ ತೋಳನ್ನು ತಿರುಗಿಸುತ್ತದೆ. ತೋಳಿನ ಬುಡದಲ್ಲಿರುವ ಕ್ಯಾಮು ಹೊರಳಿ ಎರಡು ಶೂಗಳನ್ನೂ ಅಗಲಿಸಿ, ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಅವನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಮೋಟಾರು ಗಾಡಿಗೆ ಹೂಡಿದ ಉಪಾಯವೇ ಇದರ ಮೂಲ. ಇಂದಿನ ಅನೇಕ ಸ್ಕೂಟರುಗಳಲ್ಲಿಯೂ, ಹಿಂದಿನ ಚಕ್ರದಲ್ಲಾದರೂ, ಅದೇ ಉಳಿದಿದೆ.

ಸವಾರನೂ ತರಕಾರಿ ಚೀಲವೂ ಸೇರಿ 200 ಕಿಲೋ ತೂಗುವ ಗಾಡಿ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿ ಸುಮಾರು 12,000 ಜೂಲು ಶಕ್ತಿ ತುಂಬಿರುತ್ತದೆ. ಗಾಡಿ ನಿಂತ ಮಾತ್ರಕ್ಕೆ ಆ ಶಕ್ತಿ ಮಾಯವಾಗುವುದಿಲ್ಲ. ಬಹುಪಾಲು ಶಾಖವಾಗಿ ಡ್ರಮ್ಮಿಗೂ ಶೂಗಳಿಗೂ ಸೇರುತ್ತದೆ. ಒಂದು ದೊಡ್ಡ ಗುಟುಕು ಕಾಫಿಗಾಗುವಷ್ಟು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲ ಶಾಖ ಅದು. ವೇಗ ಇಮ್ಮಡಿಯಾದರೆ ಈ ಹೊರೆ ನಾಲ್ಕು ಮಡಿಯಾಗುತ್ತದೆ. ಪ್ರತಿ ಸಲವೂ ಶೂವಿನ ಮೈಗೆ ಅಂಟಿಸಿದ ಲೈನರು ಕೊಂಚ ಕೊಂಚವೇ ಪುಡಿಯಾಗುತ್ತದೆ. ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯ್ದಂತೆ. ಡ್ರಮ್ಮು ಉಳಿಯಲೆಂದು ಲೈನರು ಸವೆಯಬೇಕು. ಅದರ ಹುಟ್ಟೇ ಅದಕ್ಕಾಗಿ.

ಆದರೆ ಸವೆಯುವುದು ನಮಗೆ ಕಾಣುವುದಿಲ್ಲ. ಪೆಡಲು ಮೊದಲಿಗಿಂತ ಕೆಳಕ್ಕೆ ಹೋಗತೊಡಗುತ್ತದೆ, ಅಷ್ಟೆ. ಅದಕ್ಕೆ ಪರಿಹಾರವಾಗಿ ತಂತಿಯ ತುದಿಯಲ್ಲಿ ತಿರುಪೊಂದುಂಟು. ಎರಡು ಸುತ್ತು ಬಿಗಿ ಮಾಡಿದರೆ ಪೆಡಲು ಮತ್ತೆ ಮೇಲೆ ಬರುತ್ತದೆ. ನಮ್ಮ ನೆರೆಯ ನಿವೃತ್ತ ಹೆಡ್‌ಮಾಸ್ತರರಿಗೆ ಈ ತಿರುಪಿನ ಮೇಲೆ ಅಪಾರ ವಿಶ್ವಾಸ. ಹುಣ್ಣಿಮೆಗೊಮ್ಮೆ ಅದನ್ನು ಬಿಗಿ ಮಾಡಿ, “ನೋಡಿ ಸಾರ್, ಹೊಸ ಗಾಡಿ ಇದ್ದಂಗಾಯ್ತು!” ಎನ್ನುತ್ತಾರೆ. ಬಿಗಿಯಾದದ್ದು ತಂತಿ, ಲೈನರು ಕೂದಲೆಳೆಯಷ್ಟೂ ದಪ್ಪವಾಗಿಲ್ಲ. ಬಿಗಿ ಮಾಡುತ್ತ ಹೋದಂತೆ ತೋಳು ತನ್ನ ಮಿತಿ ಮೀರಿ ಓರೆಯಾಗುತ್ತದೆ, ತುಳಿತದ ಬಲ ವ್ಯರ್ಥವಾಗುತ್ತದೆ. ಕೊನೆಗೆ ಲೋಹಕ್ಕೆ ಲೋಹ ಉಜ್ಜಿ ಕಿರ್ ಎಂದು ಕೂಗಿದಾಗ ಡ್ರಮ್ಮಿಗೂ ಗೀರು ಬಿದ್ದಿರುತ್ತದೆ.

ಕಳೆದ ತಿಂಗಳು ನನ್ನ ಮಗಳಿಗೆ ರಿಂಗ್ ರಸ್ತೆಯಾಚೆ ಕೆಲಸವಾಯಿತು. 1987ರಲ್ಲಿ ನಾನು ಕೊಂಡ ಚೇತಕ್ಕನ್ನೇ ಓಡಿಸುತ್ತೇನೆಂದು ಹಟ ಹಿಡಿದಳು. ಲಾರಿಗಳ ರಸ್ತೆ. ಹೆಡ್‌ಮಾಸ್ತರರು, “ಎರಡು ಸುತ್ತು ಬಿಗಿ ಮಾಡಿ ಕೊಟ್ಟುಬಿಡಿ, ಸಾಕು” ಎಂದರು. ನನ್ನೊಬ್ಬನ ಸವಾರಿಯಾಗಿದ್ದರೆ ಸಾಕೆನ್ನುತ್ತಿದ್ದೆನೋ ಏನೋ. ಭಾನುವಾರ ಬೆಳಗ್ಗೆ ಅವಳನ್ನೇ ಕೂರಿಸಿಕೊಂಡು ಹಿಂದಿನ ಚಕ್ರ ಬಿಚ್ಚಿಸಿದೆ.

ಗಾಡಿಯ ಹೊಟ್ಟೆಯಡಿ ಮರದ ತುಂಡು ಕೊಟ್ಟು, ಐದು ನಟ್ಟು ತೆಗೆದರೆ ಚಕ್ರ ಕೈಗೆ ಬರುತ್ತದೆ. ಆಮೇಲೆ ಸ್ಪ್ಲಿಟ್ ಪಿನ್ನು, ನಡುವಿನ ದೊಡ್ಡ ನಟ್ಟು, ಡ್ರಮ್ಮು. ಒಳಗಿನ ಕರಿಪುಡಿಯನ್ನು ಊದಲು ಹೊರಟವಳನ್ನು ತಡೆದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರಿಗೂ ದಾರಿ. ಮೂಗಿಗೆ ಮುಸುಕು ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಬೇಕು.

“ಅಪ್ಪಾ, ಒಂದು ಇನ್ನೂ ಚೆನ್ನಾಗಿದೆಯಲ್ಲ, ಇನ್ನೊಂದನ್ನು ಮಾತ್ರ ಹಾಕಿದರಾಗದೆ?” ಎಂದಳು. ಕಣ್ಣು ಚುರುಕು! ಎರಡು ಶೂಗಳಲ್ಲಿ ಒಂದನ್ನು ತಿರುಗುವ ಡ್ರಮ್ಮೇ ತನ್ನೆಡೆಗೆ ಸೆಳೆದುಕೊಳ್ಳುತ್ತದೆ; ಇನ್ನೊಂದನ್ನು ದೂರ ತಳ್ಳುತ್ತದೆ. ಸೆಳೆತಕ್ಕೆ ಸಿಕ್ಕಿದ್ದು ಹೆಚ್ಚು ದುಡಿಯುತ್ತದೆ, ಸಾಮಾನ್ಯವಾಗಿ ಹೆಚ್ಚು ಸವೆಯುತ್ತದೆ. ಆದರೂ ಹಾಕುವಾಗ ಜೋಡಿಯನ್ನೇ ಹಾಕಬೇಕು. ಒಂದು ದಪ್ಪ, ಒಂದು ತೆಳುವಾದರೆ ಹಿಡಿತ ಸಮನಾಗಿರುವುದಿಲ್ಲ. “ನೀನೂ ಅಮ್ಮನೂ ಇದ್ದ ಹಾಗೆ” ಎಂದಳು. ಯಾರು ಹೆಚ್ಚು ಸವೆದವರೆಂದು ನಾನು ಕೇಳಲಿಲ್ಲ. ಅಡಿಗೆಮನೆಯ ಕಿಟಕಿ ತೆರೆದಿತ್ತು.

ಹೊಸ ಜೋಡಿಯನ್ನು ಕೂರಿಸುವಾಗ ಕ್ಯಾಮಿಗೆ ಚೂರು ಗ್ರೀಸು. ಲೈನರಿಗೆ ಎಣ್ಣೆಗೈ ಕೂಡ ಸೋಕಬಾರದು. ಸ್ಪ್ಲಿಟ್ ಪಿನ್ನು ಹೊಸದೇ ಆಗಬೇಕು. ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸಿ, ಎಲ್ಲೂ ಉಜ್ಜದ ಹಾಗೆ, ಪೆಡಲಿಗೆ ಸ್ವಲ್ಪ ಸಡಿಲವಿಟ್ಟು ತಂತಿ ಹೊಂದಿಸಬೇಕು. ಆ ತಿರುಪನ್ನು ಇಟ್ಟಿರುವುದು ಇದಕ್ಕೆ.

ಇಷ್ಟಾದರೂ ಹೊಸ ಶೂ ಮೊದಲ ದಿನವೇ ಚೆನ್ನಾಗಿ ಹಿಡಿಯುವುದಿಲ್ಲ. ಡ್ರಮ್ಮಿಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತಿರುತ್ತದೆ; ಕೊಂಚ ಸವೆದು ಡ್ರಮ್ಮಿನ ಮೈಗೆ ಹೊಂದಿಕೊಂಡ ಮೇಲೆಯೇ ಅದರ ಪೂರ್ಣ ಬಲ. ಅಲ್ಲಿಯವರೆಗೆ ಸವಾರನೂ ತಾಳಬೇಕು. ಮಗಳು ಒಂದು ವಾರ ಬಡಾವಣೆಯೊಳಗೇ ಮೆಲ್ಲಗೆ ಓಡಿಸಿ, ಬ್ರೇಕು ಕಾಲಿಗೆ ಪರಿಚಯವಾದ ಮೇಲೆ ರಿಂಗ್ ರಸ್ತೆಗೆ ಇಳಿದಳು.

ಹಳೆಯ ಶೂಗಳನ್ನು ಕಾಂಪೌಂಡಿನ ಮೇಲೆ ಇಟ್ಟಿದ್ದೆ. ಹೆಡ್‌ಮಾಸ್ತರರು ಒಂದನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಕಾಗದದಷ್ಟು ತೆಳುವಾದ ಲೈನರನ್ನು ಉಗುರಿನಿಂದ ಕೆರೆದು ನೋಡಿದರು. ಏನೂ ಅನ್ನಲಿಲ್ಲ. ಮಾರನೆಯ ಬೆಳಗ್ಗೆ ಗೇಟಿನ ಸದ್ದಾಯಿತು. “ಸಾರ್, ಆ ದೊಡ್ಡ ಸ್ಪ್ಯಾನರು ಸ್ವಲ್ಪ ಕೊಡ್ತೀರಾ?”